ಹಳೆಯ ಕಾಂಪ್ಯಾಕ್ಟ್ ಸೆಡಾನ್ ಆರಿಸುವಾಗ: ಡಿಜೈರ್, ಅಮೇಜ್, ಎಕ್ಸೆಂಟ್, ಇಟಿಯೋಸ್‌ಗಳ ರಿಪೇರಿ ಖರ್ಚಿನ ಹೋಲಿಕೆ

ಮೂರೂವರೆಯಿಂದ ಐದೂವರೆ ಲಕ್ಷ ರೂಪಾಯಿಯೊಳಗೆ, ಮನೆಮಂದಿಯೆಲ್ಲ ಕುಳಿತು ಊರಿನ ಸಾಮಾನನ್ನೂ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗಬಹುದಾದ ಸೆಕೆಂಡ್ ಹ್ಯಾಂಡ್ ಕಾರನ್ನು ಹುಡುಕುವವರ ಮುಂದೆ ಸಾಮಾನ್ಯವಾಗಿ ನಾಲ್ಕು ಹೆಸರುಗಳು ಬಂದು ನಿಲ್ಲುತ್ತವೆ: ಮಾರುತಿ ಸ್ವಿಫ್ಟ್ ಡಿಜೈರ್, ಹೋಂಡಾ ಅಮೇಜ್, ಹ್ಯುಂಡೈ ಎಕ್ಸೆಂಟ್ ಮತ್ತು ಟೊಯೋಟಾ ಇಟಿಯೋಸ್. ಇವುಗಳ ನಡುವೆ ಆರಿಸುವಾಗ ಹೆಚ್ಚಿನವರು ಮಾರಾಟದ ಬೆಲೆಯಲ್ಲಿರುವ ಮೂವತ್ತು ನಲವತ್ತು ಸಾವಿರದ ವ್ಯತ್ಯಾಸವನ್ನು ಮಾತ್ರ ತೂಗಿ ನೋಡುತ್ತಾರೆ. ಆದರೆ ಎಂಟು ಹತ್ತು ವರ್ಷ ಓಡಿದ ಕಾರಿನಲ್ಲಿ ಕೊಂಡ ಮೊದಲ ವರ್ಷದ ರಿಪೇರಿಯೇ ಆ ವ್ಯತ್ಯಾಸವನ್ನು ನುಂಗಿಹಾಕಬಲ್ಲದು. ಆದ್ದರಿಂದ ಕೇಳುವ ಬೆಲೆಗೆ ಮೊದಲ ವರ್ಷದ ರಿಪೇರಿಯನ್ನು ಕೂಡಿಸಿ ಬರುವ ಮೊತ್ತವನ್ನೇ ಒಂದರ ಎದುರು ಇನ್ನೊಂದನ್ನು ಇಟ್ಟು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಬಗೆಯ ಕಾರುಗಳು ಹುಟ್ಟಿದ್ದೇ ತೆರಿಗೆಯ ಒಂದು ನಿಯಮದಿಂದ. ನಾಲ್ಕು ಮೀಟರಿಗಿಂತ ಚಿಕ್ಕದಾದ, ಪೆಟ್ರೋಲ್ ಆದರೆ 1,200 ಸಿಸಿ ಮತ್ತು ಡೀಸೆಲ್ ಆದರೆ 1,500 ಸಿಸಿ ಮೀರದ ಎಂಜಿನ್ ಇರುವ ಕಾರುಗಳಿಗೆ 2006ರ ಬಜೆಟ್‌ನಲ್ಲಿ ಅಬಕಾರಿ ಸುಂಕ ಇಳಿಯಿತು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಬಂತು. 2012ರಲ್ಲಿ ಡಿಜೈರ್ ತನ್ನ ಹಿಂಬದಿಯನ್ನು ಮೊಟಕುಗೊಳಿಸಿಕೊಂಡು 3,995 ಮಿಲಿಮೀಟರಿಗೆ ಇಳಿಯಿತು. 2013ರಲ್ಲಿ ಅಮೇಜ್, 2014ರಲ್ಲಿ ಎಕ್ಸೆಂಟ್ ಮತ್ತು ಟಾಟಾ ಜೆಸ್ಟ್, 2015ರಲ್ಲಿ ಫೋರ್ಡ್ ಆಸ್ಪೈರ್ ಬಂದವು. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಇಟಿಯೋಸ್ ಅಳತೆಯಲ್ಲಿ ಈ ಗುಂಪಿಗೆ ಸೇರುವುದಿಲ್ಲ, ಅದರ ಉದ್ದ 4,265 ಮಿಲಿಮೀಟರ್. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಮಾತ್ರ ಅದು ಇವುಗಳ ಪಕ್ಕದಲ್ಲೇ, ಇದೇ ಬೆಲೆಗೆ ನಿಂತಿರುತ್ತದೆ. ಕೊಳ್ಳುವವರಿಗೆ ಈ ಚರಿತ್ರೆಯಿಂದ ಆಗುವ ಉಪಕಾರವೊಂದಿದೆ: ಡಿಜೈರ್‌ನ ಬಿಡಿಭಾಗಗಳು ಬಹುಪಾಲು ಸ್ವಿಫ್ಟ್‌ನವು, ಅಮೇಜ್‌ನವು ಬ್ರಿಯೊದವು, ಎಕ್ಸೆಂಟ್‌ನವು ಗ್ರಾಂಡ್ ಐ10ರವು, ಇಟಿಯೋಸ್‌ನವು ಲಿವಾದವು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಜಿಲ್ಲಾ ಕೇಂದ್ರದ ಬಿಡಿಭಾಗಗಳ ಅಂಗಡಿಯಲ್ಲಾಗಲಿ ಇವುಗಳ ಸಾಮಾನ್ಯ ಭಾಗಗಳಿಗೆ ಪರದಾಡಬೇಕಾದ ಸ್ಥಿತಿಯಿಲ್ಲ.

ಮುಂದೆ ಕೊಡುವ ಮೊತ್ತಗಳೆಲ್ಲ ಒಳ್ಳೆಯ ಖಾಸಗಿ ಗ್ಯಾರೇಜಿನಲ್ಲಿ ಕೂಲಿಯೂ ಸೇರಿದಂತೆ ಆಗುವ ಸ್ಥೂಲ ಅಂದಾಜುಗಳು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ, ಗುಜರಿಯಿಂದ ತಂದ ಭಾಗ ಹಾಕಿಸಿದರೆ ಕಡಿಮೆಯಾಗುತ್ತದೆ. ಬ್ರೇಕ್, ಸ್ಟೀರಿಂಗ್ ಮತ್ತು ಏರ್‌ಬ್ಯಾಗ್‌ಗೆ ಸಂಬಂಧಿಸಿದ ಭಾಗಗಳನ್ನು ಮಾತ್ರ ಗುಜರಿಯಿಂದ ತರಲೇಬಾರದು.

ಯಾವುದನ್ನು ಕೊಂಡರೂ ಬರುವ ಖರ್ಚು

ಎಂಬತ್ತು ಸಾವಿರ ಕಿಲೋಮೀಟರ್ ದಾಟಿದ ಯಾವುದೇ ಸೆಡಾನ್‌ನಲ್ಲಿ ಮೊದಲು ಮಾತಾಡುವುದು ಮುಂಭಾಗದ ಸಸ್ಪೆನ್ಷನ್. ಹಂಪ್ ಇಳಿಯುವಾಗ ಕೇಳಿಸುವ ಸಣ್ಣ ಟಕ್ ಶಬ್ದ ಹಲವು ಬಾರಿ ಸ್ಟೆಬಿಲೈಸರ್ ಲಿಂಕ್‌ನಿಂದ ಬರುತ್ತದೆ. ಅದನ್ನು ಎರಡೂ ಬದಿಗೆ ಬದಲಿಸಲು ಎರಡು ಸಾವಿರ ರೂಪಾಯಿಯ ಆಸುಪಾಸು ಸಾಕು. ಲೋಯರ್ ಆರ್ಮ್‌ನ ಬುಷ್ ಹರಿದಿದ್ದರೆ ಜೋಡಿಗೆ ನಾಲ್ಕರಿಂದ ಆರು ಸಾವಿರ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗುತ್ತಿದ್ದರೆ ಮುಂಭಾಗದ ಜೋಡಿಗೆ ಆರರಿಂದ ಒಂಬತ್ತು ಸಾವಿರ ಬೇಕಾಗುತ್ತದೆ. ಸದ್ದು ಒಂದೇ ಥರ ಕೇಳಿಸಿದರೂ ಖರ್ಚು ನಾಲ್ಕು ಪಟ್ಟು ಬೇರೆಯಾಗುವುದರಿಂದ, ಕಾರನ್ನು ಲಿಫ್ಟಿನ ಮೇಲೆ ಏರಿಸಿ ಯಾವ ಭಾಗ ಸವೆದಿದೆ ಎಂದು ಕಣ್ಣಾರೆ ನೋಡದೆ ಬೆಲೆ ಮಾತಾಡಬಾರದು.

ಕ್ಲಚ್ ಎರಡನೆಯದು. ಇದು ಕಾರಿನ ಜಾತಿಗಿಂತ ಅದು ಓಡಿದ ಊರನ್ನು ಹೆಚ್ಚು ಅವಲಂಬಿಸುತ್ತದೆ. ತುಮಕೂರು, ಚಿತ್ರದುರ್ಗದ ಹೆದ್ದಾರಿಯಲ್ಲಿ ಓಡಾಡಿದ ಕಾರಿನ ಕ್ಲಚ್ ಲಕ್ಷ ಕಿಲೋಮೀಟರ್ ದಾಟಿದರೆ ಅಚ್ಚರಿಯಿಲ್ಲ. ಸಿಲ್ಕ್ ಬೋರ್ಡಿನ ಸಾಲಿನಲ್ಲಿ ದಿನವೂ ತೆವಳಿದ ಕಾರಿನದು ಅದರ ಅರ್ಧಕ್ಕೇ ಸೋತಿರಬಹುದು. ಶಿರಾಡಿ, ಚಾರ್ಮಾಡಿಗಳ ಏರಿನಲ್ಲಿ ತುಂಬು ಭಾರದೊಂದಿಗೆ ಓಡಿದ್ದೂ ಹಾಗೆಯೇ. ಪೆಟ್ರೋಲ್ ಕಾರುಗಳಲ್ಲಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಸೇರಿ ಏಳರಿಂದ ಹನ್ನೊಂದು ಸಾವಿರ, ಡೀಸೆಲ್‌ನಲ್ಲಿ ಹತ್ತರಿಂದ ಹದಿನೇಳು ಸಾವಿರ ಆಗುತ್ತದೆ. ಆ ಮಾದರಿಯಲ್ಲಿ ಎಂಜಿನ್ನಿನ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಎಂಬ ಎರಡು ತುಂಡಿನ ಚಕ್ರ ಇದ್ದು ಅದೂ ಹೋಗಿದ್ದರೆ ಈ ಮೊತ್ತ ಇಮ್ಮಡಿಯಾಗಬಹುದು ಎಂಬುದನ್ನು ಡೀಸೆಲ್ ನೋಡುವವರು ಮೊದಲೇ ಮೆಕ್ಯಾನಿಕ್ಕನ್ನು ಕೇಳಿಕೊಳ್ಳಬೇಕು.

ಎ.ಸಿ. ಕೆಲಸ ಮಾಡುತ್ತಿಲ್ಲವೆಂದರೆ ಮಾರುವವರು ಹೇಳುವುದು ಒಂದೇ ಮಾತು, ಗ್ಯಾಸ್ ತುಂಬಿಸಿದರೆ ಸರಿಹೋಗುತ್ತದೆ ಎಂದು. ಗ್ಯಾಸ್ ತಾನಾಗಿ ಖಾಲಿಯಾಗುವುದಿಲ್ಲ, ಎಲ್ಲೋ ಸೋರಿರುತ್ತದೆ. ಮುಂಭಾಗದ ಕಂಡೆನ್ಸರ್ ತೂತಾಗಿದ್ದರೆ ಐದರಿಂದ ಎಂಟು ಸಾವಿರ, ಡ್ಯಾಷ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಬದಲಿಸಬೇಕಾದರೆ ಏಳರಿಂದ ಹನ್ನೆರಡು ಸಾವಿರ, ಕಂಪ್ರೆಸರ್ ಹೋಗಿದ್ದರೆ ಹದಿನೈದರಿಂದ ಇಪ್ಪತ್ತೈದು ಸಾವಿರ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಕಾರು ಓಡಿಸುವವರು ಈ ಒಂದು ಪರೀಕ್ಷೆಯನ್ನು ಮಟಮಟ ಮಧ್ಯಾಹ್ನ, ಎಂಜಿನ್ ಐಡಲ್‌ನಲ್ಲಿರುವಾಗ ಮಾಡಿ ನೋಡಬೇಕು. ನಾಲ್ಕು ಟೈರಿಗೆ ಹದಿನಾರರಿಂದ ಇಪ್ಪತ್ತನಾಲ್ಕು ಸಾವಿರ, ಬ್ಯಾಟರಿಗೆ ಐದಾರು ಸಾವಿರ. ಇವು ಕಣ್ಣಿಗೆ ಕಾಣುವ ಖರ್ಚಾದ್ದರಿಂದ ಚೌಕಾಸಿಗೆ ಸುಲಭ.

ಪೆಟ್ರೋಲ್ ಕಾರುಗಳು

ಡಿಜೈರ್‌ನ 1,197 ಸಿಸಿಯ ಕೆ-ಸರಣಿ ಎಂಜಿನ್, ಅಮೇಜ್‌ನ 1,198 ಸಿಸಿಯ ಐ-ವಿಟೆಕ್, ಎಕ್ಸೆಂಟ್‌ನ 1,197 ಸಿಸಿಯ ಕಪ್ಪಾ, ಇಟಿಯೋಸ್‌ನ 1,496 ಸಿಸಿ ಎಂಜಿನ್, ಈ ನಾಲ್ಕೂ ಟೈಮಿಂಗ್ ಚೈನ್ (ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಸರಪಳಿ) ಇರುವವು, ಟರ್ಬೊ ಇಲ್ಲದವು. ಸಮಯಕ್ಕೆ ಸರಿಯಾಗಿ ಎಣ್ಣೆ ಬದಲಿಸಿದ್ದರೆ ಇವುಗಳ ಎಂಜಿನ್ ಬಿಚ್ಚುವ ಪ್ರಸಂಗ ಎರಡು ಲಕ್ಷ ಕಿಲೋಮೀಟರಿನೊಳಗೆ ಬರುವುದು ವಿರಳ. ಹೀಗಾಗಿ ಪೆಟ್ರೋಲ್ ಕಾರುಗಳ ಹೋಲಿಕೆ ಎಂಜಿನ್ನಿನ ಹೋಲಿಕೆಯಾಗದೆ ಅದರ ಸುತ್ತಲಿನ ಸಣ್ಣಪುಟ್ಟ ಭಾಗಗಳ ಹೋಲಿಕೆಯಾಗುತ್ತದೆ.

ಡಿಜೈರ್‌ನಲ್ಲಿ ಐಡಲ್ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿ ಸ್ವಚ್ಛಗೊಳಿಸಲು ಸಾವಿರ ರೂಪಾಯಿ, ಮಿಸ್‌ಫೈರ್ ಇದ್ದರೆ ಇಗ್ನಿಷನ್ ಕಾಯಿಲ್ ಒಂದಕ್ಕೆ ಎರಡು ಸಾವಿರದ ಆಸುಪಾಸು. ಬಿಡಿಭಾಗದ ಬೆಲೆಯಲ್ಲೂ ತಾಲ್ಲೂಕು ಮಟ್ಟದ ಮೆಕ್ಯಾನಿಕ್‌ಗಳ ಪರಿಚಯದಲ್ಲೂ ಇದನ್ನು ಮೀರಿಸುವ ಕಾರು ಈ ಗುಂಪಿನಲ್ಲಿಲ್ಲ. ಅದೇ ಕಾರಣಕ್ಕೆ ಮಾರಾಟದ ಬೆಲೆಯೂ ಹೆಚ್ಚು, ಮತ್ತು ಆ ಹೆಚ್ಚುವರಿಯಲ್ಲಿ ದೊಡ್ಡ ಪಾಲು ಮರುಮಾರಾಟದಲ್ಲಿ ಹಿಂತಿರುಗುತ್ತದೆ.

ಅಮೇಜ್‌ನ ಎಂಜಿನ್ ನಯವಾದದ್ದು, ಆದರೆ ಅದರ ವಾಲ್ವ್ ತೆರೆಯುವ ಟ್ಯಾಪೆಟ್‌ಗಳನ್ನು ಕಾಲಕಾಲಕ್ಕೆ ಕೈಯಿಂದ ಸರಿಹೊಂದಿಸಬೇಕು. ಅನೇಕ ಮಾಲೀಕರಿಗೆ ಇದು ತಿಳಿದೇ ಇರುವುದಿಲ್ಲ. ಬಿಸಿಯಾದ ಮೇಲೂ ಹೊಲಿಗೆ ಯಂತ್ರದಂತೆ ಟಿಕಟಿಕ ಎನ್ನುತ್ತಿದ್ದರೆ ಹೆದರಬೇಕಿಲ್ಲ, ಎರಡು ಸಾವಿರ ರೂಪಾಯಿಯೊಳಗೆ ಅದು ಸರಿಹೋಗುತ್ತದೆ. ಮಾರುವವರಿಗೆ ಕಾರಣ ಗೊತ್ತಿಲ್ಲದಿದ್ದರೆ ಬೆಲೆ ಇಳಿಸಲೂ ಅದು ಅವಕಾಶ. ಹೆಚ್ಚು ಗಮನ ಬೇಕಾದದ್ದು ಇಂಧನ ಪಂಪ್‌ನ ವಿಷಯದಲ್ಲಿ. 2018ರಲ್ಲಿ ತಯಾರಾದ ಕೆಲವು ಕಾರುಗಳ ಇಂಧನ ಪಂಪ್ ದೋಷಕ್ಕಾಗಿ ಹೋಂಡಾ 2020ರಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಾರುಗಳನ್ನು ವಾಪಸ್ ಕರೆಯುವುದು) ಘೋಷಿಸಿತ್ತು, ಅದರಲ್ಲಿ ಅಮೇಜ್ ಕೂಡ ಇತ್ತು. ನೀವು ನೋಡುತ್ತಿರುವ ಕಾರಿನ ಚಾಸಿ ಸಂಖ್ಯೆಯನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೊಟ್ಟು ವಿಚಾರಿಸಿದರೆ ಅದು ರೀಕಾಲ್‌ಗೆ ಸೇರಿದೆಯೇ, ಕೆಲಸ ಮುಗಿದಿದೆಯೇ ಎಂಬುದು ತಿಳಿಯುತ್ತದೆ. ರೀಕಾಲ್ ಕೆಲಸಕ್ಕೆ ಮಾಲೀಕರು ಹಣ ಕೊಡಬೇಕಾಗಿಲ್ಲ. ಮೊದಲ ತಲೆಮಾರಿನ ಅಮೇಜ್‌ನ ನೆಲದಂತರ 165 ಮಿಲಿಮೀಟರ್ ಮಾತ್ರ, ತುಂಬು ಭಾರದಲ್ಲಿ ಹಂಪ್ ದಾಟುವಾಗ ಅಡಿ ತಾಗುತ್ತದೆ. ಎಕ್ಸಾಸ್ಟ್ ಪೈಪ್ ಮತ್ತು ಎಣ್ಣೆ ಸಂಪ್‌ನ ತಳದಲ್ಲಿ ಗೀರು, ಜಜ್ಜು ಇವೆಯೇ ಎಂದು ಬಗ್ಗಿ ನೋಡಬೇಕು.

ಎಕ್ಸೆಂಟ್‌ನಲ್ಲಿ ನಿಂತಲ್ಲೇ ಸ್ಟೀರಿಂಗ್ ಎಡಬಲ ಅಲ್ಲಾಡಿಸಿದಾಗ ಕೈಗೆ ತಾಗುವ ಕ್ಲಿಕ್ ಶಬ್ದವೊಂದು ಹ್ಯುಂಡೈ ಕಾರುಗಳನ್ನು ಬಲ್ಲವರಿಗೆಲ್ಲ ಪರಿಚಿತ. ಎಲೆಕ್ಟ್ರಿಕ್ ಸ್ಟೀರಿಂಗ್‌ನ ಮೋಟಾರಿನೊಳಗಿರುವ ಚಿಕ್ಕ ರಬ್ಬರ್ ಕಪ್ಲರ್ ಪುಡಿಯಾಗುವುದರಿಂದ ಅದು ಬರುತ್ತದೆ. ಭಾಗದ ಬೆಲೆ ಕೆಲವು ನೂರು ರೂಪಾಯಿ, ಕಾಲಮ್ ಇಳಿಸಿ ಬದಲಿಸುವ ಕೂಲಿ ಎರಡೂವರೆಯಿಂದ ನಾಲ್ಕು ಸಾವಿರ. ಇದನ್ನೇ ನೆಪ ಮಾಡಿಕೊಂಡು ಇಡೀ ಸ್ಟೀರಿಂಗ್ ಕಾಲಮ್ ಬದಲಿಸಲು ಇಪ್ಪತ್ತೈದು ಸಾವಿರಕ್ಕೂ ಮೀರಿ ಅಂದಾಜು ಕೊಡುವವರಿದ್ದಾರೆ. ಕಪ್ಲರ್ ಎಂಬ ಹೆಸರು ಗೊತ್ತಿದ್ದರೆ ಆ ಹಣ ಉಳಿಯುತ್ತದೆ.

ನಾಲ್ಕಕ್ಕೂ ಸೇರಿದ ಒಂದು ಮಾತು ಪೆಟ್ರೋಲಿನಲ್ಲಿ ಬೆರೆಯುತ್ತಿರುವ ಎಥನಾಲ್‌ನದು. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳು ಸಾಮಾನ್ಯವಾಗಿ ಶೇಕಡಾ 20ರ ಮಿಶ್ರಣಕ್ಕೆಂದು ರೂಪಿಸಿದವಲ್ಲ. ಮೈಲೇಜ್ ಸ್ವಲ್ಪ ಇಳಿಯುವುದು ಒಂದು. ಹಳೆಯ ರಬ್ಬರ್ ಇಂಧನ ಪೈಪುಗಳು ಮತ್ತು ಸೀಲುಗಳು ಬೇಗ ಗಟ್ಟಿಯಾಗಿ ಬಿರುಕು ಬಿಡುವ ಸಾಧ್ಯತೆ ಇನ್ನೊಂದು. ಹತ್ತು ವರ್ಷ ದಾಟಿದ ಕಾರಾದರೆ ಇಂಧನದ ವಾಸನೆ ಬರುತ್ತಿದೆಯೇ ಎಂದು ನೋಡಿ, ಪೈಪುಗಳನ್ನು ಕೊಂಡ ತಕ್ಷಣ ಬದಲಿಸಿಬಿಡುವುದು ಕ್ಷೇಮ.

ಡೀಸೆಲ್ ಕಾರುಗಳು

ನಿಜವಾದ ಹೋಲಿಕೆ ಇರುವುದು ಇಲ್ಲಿ. ಡಿಜೈರ್ ಮತ್ತು ಜೆಸ್ಟ್ ಎರಡರಲ್ಲೂ ಇರುವುದು ಫಿಯೆಟ್ ಮೂಲದ 1,248 ಸಿಸಿಯ ಮಲ್ಟಿಜೆಟ್ ಎಂಜಿನ್. ಮಾರುತಿಯು ಅದನ್ನು 2020ರಲ್ಲಿ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ನಿಯಮ ಬಂದಾಗ ಕೈಬಿಟ್ಟಿತು. ಒಳ್ಳೆಯ ಎಂಜಿನ್, ಆದರೆ ಎಣ್ಣೆಯ ವಿಷಯದಲ್ಲಿ ಅಸಡ್ಡೆಯನ್ನು ಅದು ಕ್ಷಮಿಸುವುದಿಲ್ಲ. ಎಣ್ಣೆ ಬದಲಿಸುವುದನ್ನು ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರಿಗೆ ಮುಂದೂಡಿದ ಕಾರುಗಳಲ್ಲಿ ಟೈಮಿಂಗ್ ಚೈನ್ ಜಗ್ಗುತ್ತದೆ, ಟೆನ್ಷನರ್ ಸಡಿಲಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎರಡು ಮೂರು ಸೆಕೆಂಡು ಸರಪಳಿ ಎಳೆದಂತೆ ಕೇಳಿಸುವುದೇ ಅದರ ಗುರುತು. ಆಗಲೇ ಚೈನ್ ಕಿಟ್ ಬದಲಿಸಿದರೆ ಹತ್ತರಿಂದ ಹದಿನಾರು ಸಾವಿರದಲ್ಲಿ ಮುಗಿಯುತ್ತದೆ. ಚೈನ್ ಹಲ್ಲು ಹಾರಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದರೆ ಹೆಡ್ ಕೆಲಸ ಸೇರಿ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಈ ಶಬ್ದದ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಹಳೆಯ ಡೀಸೆಲ್ ಸೆಡಾನ್ ಒಂದನ್ನು ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. ಈಗಷ್ಟೇ ತೊಳೆಸಿಕೊಂಡು ಬಂದೆ ಎಂದು ಮಾರುವವರು ಹೇಳಿದರು, ನಾನು ನಂಬಿದೆ. ಮನೆಗೆ ತಂದ ಮರುದಿನ ಬೆಳಿಗ್ಗೆ ಚೈನ್ ತನ್ನ ಕಥೆಯನ್ನು ತಾನೇ ಹೇಳಿತು. ಅಂದಿನಿಂದ ಕಾರು ನೋಡುವವರಿಗೆ ನಾನು ಕೊಡುವ ಮೊದಲ ಸಲಹೆ, ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿಸಿ ಎಂಬುದು.

ಟರ್ಬೊದಲ್ಲಿಯೂ ಒಂದು ಭೇದವಿದೆ. ಡಿಜೈರ್‌ನ 75 ಪಿಎಸ್ (ಅಶ್ವಶಕ್ತಿ) ಎಂಜಿನ್ನಿನದು ಸರಳವಾದ ಸ್ಥಿರ ಟರ್ಬೊ. ಜೆಸ್ಟ್‌ನ 90 ಪಿಎಸ್ ಮಾದರಿಯದು ರೆಕ್ಕೆಗಳು ಚಲಿಸುವ ವೇರಿಯಬಲ್ ಟರ್ಬೊ. ಎರಡನೆಯದು ಓಡಿಸಲು ಹಿತ, ಆದರೆ ಮಸಿ ಕಟ್ಟಿಕೊಂಡು ರೆಕ್ಕೆ ಅಂಟಿಕೊಂಡರೆ ಪಿಕಪ್ ಹಠಾತ್ತನೆ ಸಾಯುತ್ತದೆ. ಟರ್ಬೊ ರೀಕಂಡಿಷನ್‌ಗೆ ಹತ್ತರಿಂದ ಹದಿನೆಂಟು ಸಾವಿರ, ಹೊಸದಕ್ಕೆ ಇಪ್ಪತ್ತೈದರಿಂದ ನಲವತ್ತು ಸಾವಿರ. ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್‌ನ ಮಸಿ ತೆಗೆಸಲು ಎರಡು ಮೂರು ಸಾವಿರ ಸಾಕು, ಹಲವು ಬಾರಿ ಕಪ್ಪು ಹೊಗೆಗೂ ಮಂಕಾದ ಪಿಕಪ್‌ಗೂ ಇದೊಂದೇ ಮದ್ದಾಗುತ್ತದೆ. ಇಂಜೆಕ್ಟರ್ ಮಾತ್ರ ಕೈಕಚ್ಚುವ ಭಾಗ: ಹೊಸದು ಒಂದಕ್ಕೆ ಹನ್ನೆರಡರಿಂದ ಹದಿನೆಂಟು ಸಾವಿರ, ರೀಕಂಡಿಷನ್ ಆದರೆ ನಾಲ್ಕರಿಂದ ಏಳು ಸಾವಿರ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ನಾಲ್ಕೂ ಹೋಗಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಸ್ಕ್ಯಾನರ್ ಹಾಕಿ ಇಂಜೆಕ್ಟರ್‌ಗಳ ರೀಡಿಂಗ್ ನೋಡುವುದಕ್ಕೆ ಸಾವಿರದ ಆಸುಪಾಸು ಖರ್ಚಾಗುತ್ತದೆ, ಆ ಹಣವನ್ನು ಉಳಿಸಲು ಹೋಗಬಾರದು.

ಇಟಿಯೋಸ್‌ನ 1,364 ಸಿಸಿಯ ಡಿ-4ಡಿ ಎಂಜಿನ್ನಿನ ಶಕ್ತಿ 68 ಪಿಎಸ್ ಮಾತ್ರ, ಒಳಾಂಗಣವೂ ಬಡವು. ಆದರೆ ಬಾಳಿಕೆಯ ಒಂದೇ ಮಾನದಂಡ ಇಟ್ಟರೆ ಇದರ ಸಮಕ್ಕೆ ಬೇರೆಯದನ್ನು ನಿಲ್ಲಿಸಲು ನನಗೆ ಮನಸ್ಸು ಬಾರದು. ಮೂರು ಲಕ್ಷ ಕಿಲೋಮೀಟರ್ ದಾಟಿಯೂ ಎಂಜಿನ್ ಬಿಚ್ಚದ ಟ್ಯಾಕ್ಸಿಗಳನ್ನು ಕೆಂಪೇಗೌಡ ವಿಮಾನ ನಿಲ್ದಾಣದ ದಾರಿಯಲ್ಲಿ ಓಡಿಸಿದ ಚಾಲಕರನ್ನು ಕೇಳಿದರೆ ಸಾಕು. ಇದರ ಅಪಾಯ ಇರುವುದೂ ಅಲ್ಲಿಯೇ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಇಟಿಯೋಸ್‌ಗಳು ಮಾರುಕಟ್ಟೆಯಲ್ಲಿ ಬಹಳ. ಮೀಟರ್ ತೋರುವ 90,000ವನ್ನು ನಂಬದೆ ಆರ್‌ಸಿಯ ಇತಿಹಾಸ, ಸರ್ವಿಸ್ ದಾಖಲೆ, ವಿಮೆಯ ಹಳೆಯ ಪಾಲಿಸಿಗಳಲ್ಲಿ ವಾಣಿಜ್ಯ ಬಳಕೆಯ ಗುರುತು ಇದೆಯೇ ಎಂದು ಹುಡುಕಬೇಕು. ಹಾಗೆಂದು ಟ್ಯಾಕ್ಸಿಯಾಗಿ ಓಡಿದ್ದನ್ನು ಕೊಳ್ಳಲೇಬಾರದು ಎಂದಲ್ಲ. ಅದನ್ನು ಬಚ್ಚಿಡದೆ ಹೇಳಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದ್ದರೆ ಅದು ನ್ಯಾಯವಾದ ವ್ಯವಹಾರ.

ಅಮೇಜ್‌ನ 1,498 ಸಿಸಿ ಐ-ಡಿಟೆಕ್ 100 ಪಿಎಸ್ ಕೊಡುತ್ತದೆ, ಈ ನಾಲ್ಕರಲ್ಲಿ ಹೆಚ್ಚು ಚುರುಕಾದ ಡೀಸೆಲ್ ಇದೇ. ಸದ್ದು ಹೆಚ್ಚು, ಬಿಡಿಭಾಗದ ಬೆಲೆ ಮಾರುತಿಗಿಂತ ಹೆಚ್ಚು, ಮತ್ತು ಡೀಸೆಲ್ ಬಲ್ಲ ಹೋಂಡಾ ಮೆಕ್ಯಾನಿಕ್‌ಗಳು ಸಣ್ಣ ಊರುಗಳಲ್ಲಿ ಕಡಿಮೆ. ಎಕ್ಸೆಂಟ್‌ನ ಮೊದಲ 1,120 ಸಿಸಿ ಡೀಸೆಲ್‌ಗೆ ಮೂರೇ ಸಿಲಿಂಡರ್. ನಡುಕ ಹೆಚ್ಚಾದ್ದರಿಂದ ಎಂಜಿನ್ ಮೌಂಟ್‌ಗಳನ್ನು ನೋಡಿಕೊಳ್ಳಬೇಕು, ಅಷ್ಟೆ.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್‌ಗಳಲ್ಲಿ, ಅಂದರೆ ಎರಡನೇ ತಲೆಮಾರಿನ ಅಮೇಜ್ ಮತ್ತು ಎಕ್ಸೆಂಟ್‌ನ ಜಾಗಕ್ಕೆ ಬಂದ ಔರಾದಲ್ಲಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕ ಇರುತ್ತದೆ. ಅದು ತನ್ನನ್ನು ತಾನು ಸುಟ್ಟು ಶುಚಿಗೊಳಿಸಿಕೊಳ್ಳಲು ಕಾರು ಆಗಾಗ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಎಡೆಬಿಡದೆ ಓಡಬೇಕು. ದಿನಕ್ಕೆ ಆರು ಕಿಲೋಮೀಟರ್ ಕಚೇರಿಗೆ ಹೋಗಿಬರುವವರು ಈ ಕಾರನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು; ಶೋಧಕ ಪೂರ್ತಿ ಕಟ್ಟಿಕೊಂಡರೆ ಹೊಸದರ ಖರ್ಚು ಲಕ್ಷದ ಹತ್ತಿರ ಹೋಗಬಲ್ಲದು.

ಗೇರ್‌ಬಾಕ್ಸ್‌

ಆಟೊಮ್ಯಾಟಿಕ್ ಬೇಕೆನ್ನುವವರು ಕಂಪನಿಯ ಹೆಸರಿಗಿಂತ ಮೊದಲು ಗೇರ್‌ಬಾಕ್ಸ್‌ನ ಬಗೆಯನ್ನು ಕೇಳಬೇಕು. ಎರಡನೇ ತಲೆಮಾರಿನ ಪೆಟ್ರೋಲ್ ಡಿಜೈರ್‌ನಲ್ಲಿದ್ದ ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಬಗೆ) ಹಳೆಯ ಕಾಲದ್ದು, ಮೈಲೇಜ್ ಕಡಿಮೆ, ಆದರೆ ಗಟ್ಟಿ. ಡಿಜೈರ್ ಮತ್ತು ಜೆಸ್ಟ್‌ನ ಎಎಂಟಿಯಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್‌ಗೇ ಯಂತ್ರದ ಕೈ ಜೋಡಿಸಿರುತ್ತದೆ. ಕ್ಲಚ್ ಸವೆಯುತ್ತದೆ, ಜೊತೆಗೆ ಆಕ್ಚುಯೇಟರ್ ಕೆಟ್ಟರೆ ಇಪ್ಪತ್ತೈದರಿಂದ ನಲವತ್ತು ಸಾವಿರ. ಪೆಟ್ರೋಲ್ ಅಮೇಜ್‌ಗೆ ಮೊದಲು ಐದು ಗೇರಿನ ಟಾರ್ಕ್ ಕನ್ವರ್ಟರ್ ಇತ್ತು, 2016ರಿಂದ ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿಯಿಂದ ನಡೆಯುವ ಸಿವಿಟಿ ಬಂತು. ಸಿವಿಟಿ ಓಡಿಸಲು ಬಲು ಹಿತ, ಆದರೆ ಅದರ ವಿಶೇಷ ಎಣ್ಣೆಯನ್ನು ಸುಮಾರು ನಲವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದ ಬಿಲ್ ಇಲ್ಲದಿದ್ದರೆ ನಾನಂತೂ ಮುಂದಕ್ಕೆ ಮಾತಾಡುವುದಿಲ್ಲ. ಎಣ್ಣೆ ಬದಲಿಸಲು ನಾಲ್ಕೈದು ಸಾವಿರ ಸಾಕು, ಬೆಲ್ಟ್ ಮತ್ತು ಪುಲ್ಲಿ ಹೋದರೆ ಲಕ್ಷ ಮೀರುತ್ತದೆ.

ಫೋರ್ಡ್ ಆಸ್ಪೈರ್‌ನ 1.5 ಲೀಟರ್ ಪೆಟ್ರೋಲ್ ಮತ್ತು ಫೋಕ್ಸ್‌ವ್ಯಾಗನ್ ಅಮಿಯೊದ 1.5 ಲೀಟರ್ ಡೀಸೆಲ್‌ಗಳಲ್ಲಿ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಸಿಗುತ್ತಿತ್ತು. ಹೆದ್ದಾರಿಯಲ್ಲಿ ಅವುಗಳ ಸುಖಕ್ಕೆ ಸಾಟಿಯಿಲ್ಲವೆಂದು ಒಪ್ಪುತ್ತೇನೆ. ಆದರೆ ಒಳಗಿನ ನಿಯಂತ್ರಣ ಘಟಕ ಕೈಕೊಟ್ಟರೆ ಖರ್ಚು ಲಕ್ಷಕ್ಕೆ ಏರುತ್ತದೆ, ಅದನ್ನು ಬಿಚ್ಚಿ ಸರಿಮಾಡಬಲ್ಲವರು ಬೆಂಗಳೂರಿನಾಚೆ ಬೆರಳೆಣಿಕೆಯಷ್ಟು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಆಸ್ಪೈರ್‌ನ ಮ್ಯಾನುಯಲ್ ಡೀಸೆಲ್ ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಕಾರು. ಅದರಲ್ಲಿ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವುದರಿಂದ, ಬೆಲ್ಟ್ ಬದಲಿಸಿದ ದಾಖಲೆ ಕೇಳಿ.

ಯಾರಿಗೆ ಯಾವುದು

ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರಿನೊಳಗೆ ಓಡಿಸುವ, ಸಣ್ಣ ಊರಿನಲ್ಲಿರುವ ಕುಟುಂಬಕ್ಕೆ ಪೆಟ್ರೋಲ್ ಮ್ಯಾನುಯಲ್ ಡಿಜೈರ್‌ಗಿಂತ ನಿಶ್ಚಿಂತೆಯದು ನನಗೆ ತೋಚದು. ಅದೇ ಬಳಕೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಾದರೆ ಅಮೇಜ್ ಅಷ್ಟೇ ಒಳ್ಳೆಯದು, ಹಿಂದಿನ ಸೀಟಿನ ಜಾಗವೂ ಹೆಚ್ಚು. ಎಕ್ಸೆಂಟ್ ಐವತ್ತು ಸಾವಿರವಾದರೂ ಕಡಿಮೆಗೆ ಸಿಕ್ಕಾಗ ಮಾತ್ರ ಇವೆರಡರ ಸಾಲಿಗೆ ಬರುತ್ತದೆ. ವರ್ಷಕ್ಕೆ ಇಪ್ಪತ್ತು ಸಾವಿರ ದಾಟುವವರು, ವಿಜಯಪುರದಿಂದ ಬೆಂಗಳೂರಿಗೆ ತಿಂಗಳಿಗೆರಡು ಬಾರಿ ಬಂದುಹೋಗುವಂಥವರು, ಖಾಸಗಿಯಾಗಿ ಓಡಿದ ಡೀಸೆಲ್ ಇಟಿಯೋಸ್ ಹುಡುಕಲಿ. ಸಿಗದಿದ್ದರೆ ಎಣ್ಣೆ ಬದಲಾವಣೆಯ ಪೂರ್ತಿ ದಾಖಲೆಯಿರುವ ಡೀಸೆಲ್ ಡಿಜೈರ್. ದಾಖಲೆಯಿಲ್ಲದ ಡೀಸೆಲ್ ಡಿಜೈರ್‌ಗೆ ಚೈನ್ ಕಿಟ್ಟಿನ ಹಣವನ್ನು ಬೆಲೆಯಲ್ಲೇ ಕಳೆಯಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಬಾಳಿದ ಕಾರಾದರೆ ಮೇಲಿನ ಎಲ್ಲಕ್ಕಿಂತ ಮೊದಲು ಅಡಿಭಾಗದ ತುಕ್ಕು, ಬ್ರೇಕ್ ಪೈಪುಗಳು ಮತ್ತು ಸಬ್‌ಫ್ರೇಮ್ ನೋಡಿ.

ದೆಹಲಿಯ ಕಡೆಯಿಂದ ಬರುವ ಹಳೆಯ ಡೀಸೆಲ್‌ಗಳು ಅಗ್ಗವಾಗಿ ಕಾಣುವುದು ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧಗಳಿಂದ. ಎನ್‌ಒಸಿ ತಂದು ಇಲ್ಲಿ ನೋಂದಾಯಿಸಿ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಉಳಿಯುವುದು ಅಪರೂಪ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಮುಳುಗಿದ್ದ ಕಾರುಗಳೂ ಮಾರುಕಟ್ಟೆಗೆ ಬಂದಿರುವುದರಿಂದ ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ಪರೀಕ್ಷಿಸಿ. ಹದಿನೈದು ವರ್ಷದ ಹತ್ತಿರವಿರುವ ಕಾರಾದರೆ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕವನ್ನೂ ಅದಕ್ಕೆ ಮುಂಚಿನ ಫಿಟ್‌ನೆಸ್ ತಪಾಸಣೆಯಲ್ಲಿ ಆಗಬಹುದಾದ ರಿಪೇರಿಯನ್ನೂ ಸೇರಿಸಿ ಲೆಕ್ಕಹಾಕಿ. ಮುಂಗಡ ಕೊಡುವುದು ಲಿಫ್ಟಿನ ಮೇಲಿನ ತಪಾಸಣೆ ಮುಗಿದ ಮೇಲೆ, ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ತೆಗೆದಿದೆ ಎಂಬುದನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟಿನ ದಾಖಲೆಯಲ್ಲಿ ನೀವೇ ಓದಿದ ಮೇಲೆ.